ಹತ್ತು ಮಾರು ಹಿಂದೆ

ಅವಳು ವ್ಯಾನಿನಿಂದ ಇಳಿದಳು. ಮಗಳು ತೋಳು ಹಿಡಿದು ಮತ್ತೆ ಹತ್ತಿಸಿದಳು. ಬಾಗಿಲು ಹಾಕಿ, ಚಾಲಕನಿಗೆ ಏನೋ ಹೇಳಿ ತಿರುಗುವಷ್ಟರಲ್ಲಿ ತಾಯಿ ಆ ಕಡೆಯ ಬಾಗಿಲಿನಿಂದ ಇಳಿದು ಬಟ್ಟೆ ಕೊಡವಿಕೊಳ್ಳುತ್ತ ನಿಂತಿದ್ದಳು.

"ಅಮ್ಮ, ಏನಿದು? ಒಳಗೆ ಅಪ್ಪನ್ನ ಮಲಗಿಸಿದ್ದೀವಿ, ಹೊರಗೆ ನಿನ್ನ ಈ ಹತ್ತೋದು ಇಳಿಯೋದು. ನೋಡಿದೋರು ಏನಂತಾರೆ?"

"ಮುದುಕಿಗೆ ಕಾಲಿನ್ನೂ ಗಟ್ಟಿಯಾಗಿದೆ ಅಂತಾರೆ."

"ಗಟ್ಟಿಯಂತೆ! ಮೊನ್ನೆ ಮೊನ್ನೆ ಮೆಟ್ಟಿಲು ಇಳಿಯೋಕೆ ನನ್ನ ಹೆಗಲು ಬೇಕಾಗಿತ್ತು."

"ಅದು ಇಳಿಯೋಕೆ. ಇವತ್ತು ಹತ್ತೋದು."

ಮಗಳು ದೊಡ್ಡಾಸ್ಪತ್ರೆಯಲ್ಲಿ ನರ್ಸು. ಹೇಳಿದ್ದನ್ನು ರೋಗಿಗಳು ತುಟಿಪಿಟಕ್ಕೆನ್ನದೆ ಕೇಳಿ ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ತಾಯಿಯ ಮುಂದೆ ಮಾತ್ರ ಆ ಆಟ ನಡೆಯುತ್ತಿರಲಿಲ್ಲ. ಏರ್ಪಾಡೆಲ್ಲ ಬೆಳಗ್ಗೆಯೇ ಆಗಿತ್ತು. ಮಾಜಿ ಸೈನಿಕರ ಸಾಲುಮನೆಗಳಿಂದ ಸ್ಮಶಾನಕ್ಕೆ ಎರಡು ದಾರಿ. ಒಂದು, ಗುಡ್ಡವನ್ನು ಬಳಸಿಕೊಂಡು ಹೋಗುವ ಟಾರು ರಸ್ತೆ. ಇನ್ನೊಂದು, ಮನೆಗಳ ಹಿಂದಿನಿಂದ ನೇರವಾಗಿ ಗುಡ್ಡದ ನೆತ್ತಿಗೆ ಹತ್ತಿ ಆ ಕಡೆ ಇಳಿಯುವ ಕಾಲುದಾರಿ. ಸತ್ತವನು ಬದುಕಿದ್ದಾಗ ತನ್ನ ಸಾವಿನ ಬಗ್ಗೆ ಹೇಳಿಟ್ಟಿದ್ದು ಒಂದೇ ಮಾತು: ತನ್ನನ್ನು ರಸ್ತೆಯಲ್ಲಿ ಒಯ್ಯಕೂಡದು, ನೆತ್ತಿಯ ಮೇಲಿಂದ ಒಯ್ಯಬೇಕು. ಹಾಗಾಗಿ ಶವದ ಪೆಟ್ಟಿಗೆಯನ್ನು ಅವನ ತುಕಡಿಯ ಹಳೆಯ ಗೆಳೆಯರು ಹೊತ್ತು ಕಾಲುದಾರಿಯಲ್ಲಿ ಬರುವುದು, ಹೆಂಡತಿ, ಮಗಳು, ಕಾಲು ಸೋತವರು ವ್ಯಾನಿನಲ್ಲಿ ರಸ್ತೆ ಹಿಡಿದು ಮೊದಲೇ ಅಲ್ಲಿ ಸೇರುವುದು ಎಂದು ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವರು ಎಲ್ಲರನ್ನೂ ಕೇಳಿದ್ದರು, ಅವಳೊಬ್ಬಳನ್ನು ಬಿಟ್ಟು.

"ನಾನು ನಡೀತೀನಿ," ಅಂದಳು ಅವಳು. "ಅವರ ಪಕ್ಕದಲ್ಲಿ ನಡೀತೀನಿ. ಪೆಟ್ಟಿಗೆ ಮೇಲೆ ಕೈ ಇಟ್ಕೊಂಡು. ಮನೆ ಬಾಗಿಲಿಂದ ಗುಂಡಿವರೆಗೂ."

"ಪಕ್ಕದಲ್ಲಾ? ಬದುಕಿದ್ದಾಗ ಒಂದಿನಾನಾದ್ರೂ ಪಕ್ಕದಲ್ಲಿ ನಡೆಯೋಕೆ ಬಿಟ್ಟಿದ್ರಾ ಅಪ್ಪ?"

"ಅದಕ್ಕೇ."

ವ್ಯಾನಿನ ಚಾಲಕ ಇಂಜಿನ್ ಆರಿಸಿ, ಇದು ಬೇಗ ಮುಗಿಯುವ ಬಾಬತ್ತಲ್ಲ ಎಂದುಕೊಂಡು ಸೀಟಿಗೆ ಒರಗಿದ.

* * *

ಮದುವೆಯಾದ ಹೊಸದರಲ್ಲಿ ಅವನು ಅವಳನ್ನು ಮೊದಲ ಸಲ ಪೇಟೆಗೆ ಕರೆದುಕೊಂಡು ಹೊರಟಾಗ ಹೊಸ್ತಿಲು ದಾಟುತ್ತಲೇ ತಿರುಗಿ ಹೇಳಿದ್ದ: "ನೀನು ಹತ್ತು ಮಾರು ಹಿಂದೆ ಬಾ."

ಅವಳು ಅವನಿಗಿಂತ ಒಂದಿಷ್ಟು ಎತ್ತರ. ಪಕ್ಕದಲ್ಲಿ ನಡೆದರೆ ಜನ ನಗುತ್ತಾರೆಂದು ನಾಚಿಕೊಂಡಿರಬೇಕು ಎಂದು ಅವಳು ತಿಳಿದಳು. ಮರುದಿನದಿಂದ ಬೆನ್ನು ಬಗ್ಗಿಸಿ ನಡೆಯತೊಡಗಿದಳು. ಒಂದು ವಾರ ನೋಡಿ ಅವನೇ ಕೇಳಿದ: "ಯಾಕೆ, ಸೊಂಟ ಹಿಡ್ಕೊಂಡಿದೆಯಾ?" ಎತ್ತರದ ಮಾತಲ್ಲ ಎಂದು ಆಗ ತಿಳಿಯಿತು. ಮತ್ತೆ ಯಾಕೆ ಎಂದು ಕೇಳಿದರೆ, "ಅದು ಹಾಗೇ, ಅಭ್ಯಾಸ," ಎಂದು ಮಾತು ತೇಲಿಸಿಬಿಟ್ಟ.

ಮನೆಯೊಳಗೆ ಅವನು ಬೇರೆಯೇ ಮನುಷ್ಯ. ಅಡುಗೆಮನೆಯಲ್ಲಿ ಅವಳಿಗೆ ಅಂಟಿಕೊಂಡೇ ಕೂರುತ್ತಿದ್ದ. ತರಕಾರಿ ಹೆಚ್ಚಿಕೊಡುತ್ತ, ಅವಳ ಮೊಣಕೈಗೆ ತನ್ನ ಮೊಣಕೈ ತಾಗಿಸುತ್ತ, "ಸ್ವಲ್ಪ ಆ ಕಡೆ ಸರೀರಿ, ಒಲೆ ಕಾಣ್ತಿಲ್ಲ," ಎಂದು ಬೈಸಿಕೊಳ್ಳುತ್ತ. ನಿದ್ದೆಯಲ್ಲೂ ಅವಳ ಬಟ್ಟೆಯ ಚುಂಗು ಅವನ ಮುಷ್ಟಿಯಲ್ಲಿರುತ್ತಿತ್ತು. ಅದೇ ಮನುಷ್ಯ ಹೊಸ್ತಿಲು ದಾಟಿದನೋ, ಮುಖ ಬಿಗಿಯುತ್ತಿತ್ತು, ಕಣ್ಣು ದಿಬ್ಬಗಳ ಮೇಲೆ ಓಡಾಡುತ್ತಿತ್ತು, ಹೆಂಡತಿ ಮಗಳು ಅವನ ಪಾಲಿಗೆ ಒಂದು ತುಕಡಿಯಾಗಿಬಿಡುತ್ತಿದ್ದರು.

ಸೈನ್ಯ ಬಿಟ್ಟ ಮೇಲೆ ಊರಿನ ನೀರಿನ ಇಲಾಖೆಯಲ್ಲಿ ಅವನಿಗೆ ಕೆಲಸ ಸಿಕ್ಕಿತು. ಬೆಳಗ್ಗೆ ಬೀದಿ ಬೀದಿಯ ನಲ್ಲಿಗೆ ನೀರು ಬಿಡುವುದು, ಸಂಜೆ ನಿಲ್ಲಿಸುವುದು. ಹೋದ ಬೀದಿಯಲ್ಲಿ ಹಿಂದಿರುಗಿದವನಲ್ಲ. ನೀರು ಬಂದಿಲ್ಲವೆಂದು ದೂರು ಹೇಳಲು ದಾರಿ ಕಾಯುತ್ತಿದ್ದ ಹೆಂಗಸರಿಗೆ ಅವನು ಯಾವ ಸಂದಿಯಿಂದ ಬಂದು ಯಾವ ಸಂದಿಯಲ್ಲಿ ಮಾಯವಾದನೆಂದು ತಿಳಿಯುತ್ತಿರಲಿಲ್ಲ. ಮಕ್ಕಳು ಹತ್ತಿರ ಓಡಿಬಂದರೆ "ದೂರ, ದೂರ" ಎಂದು ಕೈಯಾಡಿಸುತ್ತಿದ್ದ. ಅವು ಅವನಿಗೆ ದೂರಪ್ಪ ಎಂದೇ ಹೆಸರಿಟ್ಟವು. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ದೂರಪ್ಪ ಬಂದ ಎಂದು ಮನೆಬಾಗಿಲಲ್ಲಿ ತಾನೇ ಕೂಗಿಕೊಂಡು ಒಳಗೆ ಬರುವನು.

ಮಗಳಿಗೆ ಐದೋ ಆರೋ ವರ್ಷವಿದ್ದಾಗ ಒಂದು ದಿನ ಶಾಲೆಯಿಂದ ಬರುತ್ತ, ಬೀದಿಯ ಆ ತುದಿಯಲ್ಲಿ ಅಪ್ಪನನ್ನು ಕಂಡು ಓಡಿಹೋಗಿ ಅವನ ಕೈಗೆ ಜೋತುಬಿದ್ದಳು. ಅವನು ಕೊಡವಿದ ರಭಸಕ್ಕೆ ಮಗು ಕಲ್ಲಿನ ಮೇಲೆ ಬಿದ್ದು ಗದ್ದ ಒಡೆಯಿತು. ಆ ದಿನ ಅವಳು ಗಂಡನಿಗೆ ಬೀದಿಗೆ ಕೇಳುವಂತೆ ಉಗಿದಳು. ಅವನು ಮಗುವಿನ ಗಾಯ ಒಣಗುವವರೆಗೂ ಅದರ ಹಾಸಿಗೆಯ ಪಕ್ಕದಲ್ಲಿ ನೆಲದ ಮೇಲೆ ಮಲಗಿದ. ಗದ್ದದ ಮೇಲಿನ ಕಲೆ ಉಳಿಯಿತು. ಅಪ್ಪನ ಕೈ ಹಿಡಿಯುವ ಆಸೆ ಮಗಳಿಗೆ ಮತ್ತೆ ಬರಲಿಲ್ಲ.

ತಾಯಿಗೆ ಮಾತ್ರ ಆ ಆಸೆ ಸಾಯಲಿಲ್ಲ. ಬಹಳ ದೊಡ್ಡದೇನಲ್ಲ. ಒಂದು ಚೀಲ, ಅದರ ಒಂದು ಹಿಡಿ ಅವನ ಕೈಯಲ್ಲಿ, ಇನ್ನೊಂದು ತನ್ನ ಕೈಯಲ್ಲಿ. ಪೇಟೆಬೀದಿಯಲ್ಲಿ ಇಬ್ಬರೂ ಒಟ್ಟಿಗೆ ಒಂದು ಸುತ್ತು. ಎಲ್ಲ ಗಂಡ ಹೆಂಡಿರೂ ಮಾಡುವುದು ಅಷ್ಟೇ ತಾನೆ? ನೀರಿನ ಕೆಲಸದಿಂದ ಅವನು ನಿವೃತ್ತನಾದ ದಿನ ಬಾಯಿಬಿಟ್ಟು ಕೇಳಿಯೇಬಿಟ್ಟಳು. ಅವನು "ಆಯ್ತು" ಅಂದ. ಇಬ್ಬರೂ ಹೊರಟರು. ಅವಳು ಅವನ ಕೈ ಹಿಡಿದಳು. ಬೀದಿಯ ಮೊದಲ ದೀಪದ ಕಂಬದವರೆಗೆ ಬರುವಷ್ಟರಲ್ಲಿ ಕುತ್ತಿಗೆಯೆಲ್ಲ ಬೆವರು, ಉಸಿರು ಮೇಲಕ್ಕೆ. "ಆಗಲ್ಲ ಕಣೇ," ಎಂದು ಕೈ ಬಿಡಿಸಿಕೊಂಡು ಮುಂದೆ ಹೋಗಿಬಿಟ್ಟ. ಅವಳು ನಿಂತಳು. ಅವನು ಹತ್ತು ಮಾರು ದೂರವಾಗುವವರೆಗೆ ಕಾದು, ಆಮೇಲೆ ಹಿಂದೆ ಹೊರಟಳು. ಮತ್ತೆ ಯಾವತ್ತೂ ಕೇಳಲಿಲ್ಲ.

* * *

ಮಗಳನ್ನು ಅಂಗಳದಲ್ಲೇ ಬಿಟ್ಟು ಅವಳು ಒಳಗೆ ಬಂದಾಗ ಅಡುಗೆಮನೆಯಲ್ಲಿ ಯುದ್ಧಸಭೆ ಸೇರಿತ್ತು. ತುಕಡಿಯ ಹಳಬರೆಲ್ಲ ಗೋಡೆಗಂಟಿ ನಿಂತಿದ್ದರು. ಒಬ್ಬರಿಗೊಬ್ಬರು ತಾಗದಂತೆ, ಇದ್ದ ಜಾಗದಲ್ಲೇ ಅಂತರ ಬಿಟ್ಟುಕೊಂಡು. ನಡುವೆ ಮೇಜಿನ ಮುಂದೆ ಒಂದು ಕಾಲಕ್ಕೆ ಅವರನ್ನೆಲ್ಲ ನಡೆಸಿದ ಮೇಜರ್. ವಯಸ್ಸು ಅವರನ್ನು ಒಣಕಲು ಕಡ್ಡಿ ಮಾಡಿತ್ತು, ಆದರೆ ದನಿ ಮಾತ್ರ ಇನ್ನೂ ಗುಡ್ಡದ ಆ ಬದಿಗೆ ಕೇಳುವಂಥದು. ಮೇಜಿನ ಮೇಲೆ ಅವಳ ದೊಡ್ಡ ಪಾತ್ರೆ ಬೋರಲು ಬಿದ್ದಿತ್ತು. ಅದು ಗುಡ್ಡ. ಎಡಬಲದ ಎರಡು ಬಟ್ಟಲು ದಿಬ್ಬಗಳು. ಉದ್ದದ ಚಾಕು ಕಾಲುದಾರಿ. ಚಾಕುವಿನ ಮೇಲೆ ಒಂದು ಬೆಂಕಿಪೊಟ್ಟಣ. ಅದು ಅವಳ ಗಂಡ.

"ಮೊದಲು ಎತ್ತರ," ಎನ್ನುತ್ತಿದ್ದರು ಮೇಜರ್. "ಇಬ್ಬರು ಎಡ ದಿಬ್ಬಕ್ಕೆ, ಇಬ್ಬರು ಬಲಕ್ಕೆ. ಮಂಡಿ ನೋವಿಲ್ಲದೋರು ಮಾತ್ರ ಮುಂದೆ ಬನ್ನಿ, ಶೂರತನ ತೋರಿಸೋಕೆ ಹೋಗ್ಬೇಡಿ. ಅವರು ಮೇಲೆ ಹೋಗಿ ಕೈ ಎತ್ತೋವರೆಗೂ ಪೆಟ್ಟಿಗೆ ಅಂಗಳದಿಂದ ಕದಲಬಾರದು. ಪೆಟ್ಟಿಗೆ ದಾಟಿದ ಮೇಲೆ ಅವರು ಇಳಿದು ಬಾಲಕ್ಕೆ ಸೇರ್ಕೋಬೇಕು. ಹೊರೋರು ನಾಲ್ಕೇ ಜನ. ಮಿಕ್ಕೋರು ಹತ್ತು ಮಾರಿಗೊಬ್ಬರು. ಗುಂಪು ಕಟ್ಟಿದ್ರೆ ನನಗೆ ಕೋಪ ಬರುತ್ತೆ."

ಅಳಿಯ ಬಡಗಿ. ಪೆಟ್ಟಿಗೆ ಅವನದೇ ಕೈಕೆಲಸ. ಹೊರಲು ಅನುಕೂಲವಾಗಲೆಂದು ಎರಡೂ ಬದಿಗೆ ಉದ್ದನೆಯ ಗಳ ಬಿಗಿದಿದ್ದ. ಅವನು ಗಂಟಲು ಸರಿಮಾಡಿಕೊಂಡು ಕೇಳಿದ: "ಸಾರ್, ಗುಡ್ಡದಲ್ಲಿ ಬಂದೂಕು ಹಿಡಿದಿದ್ದೋರೆಲ್ಲ ಇಳಿದು ಬಂದು ಎಷ್ಟೋ ವರ್ಷ ಆಯ್ತು. ಮಾವನಿಗೆ ಕ್ಷೌರ ಮಾಡ್ತಿದ್ದೋನೇ ಒಂದು ಕಾಲದ ಬಂಡುಕೋರ. ಈಗ ಯಾರು ಬರ್ತಾರೆ ಅಂತ ಈ ಕಾವಲು?"

"ಯಾರೂ ಬರಲ್ಲಪ್ಪ. ನಿನ್ನ ಮಾವ ಕಾವಲಿಲ್ಲದ ದಿಬ್ಬದ ಕೆಳಗೆ ಹೆಜ್ಜೆ ಇಟ್ಟೋನಲ್ಲ. ಕೊನೇ ಸಲ, ಅವನ ಮನಸ್ಸಿಗೆ ಒಪ್ಪೋ ಹಾಗೆ ಕರ್ಕೊಂಡು ಹೋಗೋಣ ಅಂತ."



"ನಾನೆಲ್ಲಿ?" ಬಾಗಿಲಲ್ಲಿ ನಿಂತು ಅವಳು ಕೇಳಿದಳು.

"ನೀನು ವ್ಯಾನಲ್ಲಿ ಕಣಮ್ಮ."

"ವ್ಯಾನಿಂದ ಇಳಿದು ಬಂದೆ."

ಮೇಜರ್ ಅವಳ ಮುಖ ನೋಡಿದರು. ಅಂಥ ಮುಖಗಳ ಜೊತೆ ವಾದಕ್ಕಿಳಿಯಬಾರದೆಂದು ಅವರಿಗೆ ಗೊತ್ತಿತ್ತು. ಅಡುಗೆಕಟ್ಟೆಯ ಮೇಲಿದ್ದ ಉಪ್ಪಿನ ಡಬ್ಬಿ ತೆಗೆದು ಚಾಕುವಿನ ಹಿಡಿಯ ಕೊನೆಗೆ ಇಟ್ಟರು. "ಇಲ್ಲಿ. ಬಾಲದಲ್ಲಿ. ನಿಧಾನಕ್ಕೆ ಬಾ."

ಅವಳು ಡಬ್ಬಿ ಎತ್ತಿ ಬೆಂಕಿಪೊಟ್ಟಣಕ್ಕೆ ತಾಗಿಸಿಟ್ಟಳು. ಮೇಜರ್ ಅದನ್ನು ಹಿಂದಕ್ಕೆ ಸರಿಸಿದರು. ಅವಳು ಮತ್ತೆ ಮುಂದಕ್ಕಿಟ್ಟಳು. ಗೋಡೆಗಂಟಿ ನಿಂತಿದ್ದವರು ಕತ್ತು ಚಾಚಿ ನೋಡಿದರು. ಮೇಜರ್ ಸಾಹೇಬರ ನಕ್ಷೆಗೆ ಕೈ ಹಾಕಿದವರನ್ನು ಅವರು ಯಾರೂ ಕಂಡಿರಲಿಲ್ಲ.

"ಅವನೇ ಒಪ್ಪಲ್ಲಮ್ಮ," ಅಂದರು ಮೇಜರ್, ದನಿ ತಗ್ಗಿಸಿ.

"ಯಾಕೆ ಒಪ್ಪಲ್ಲ? ಅದನ್ನ ಯಾರಾದ್ರೂ ಹೇಳ್ತೀರಾ? ಸಂಸಾರ ಮಾಡಿ ಮುದುಕಿಯಾದೆ, ಇವತ್ತಿಗೂ ಗೊತ್ತಿಲ್ಲ ನನಗೆ."

ಆ ಕಾಲದಲ್ಲಿ ತುಕಡಿಯ ವೈರ್‌ಲೆಸ್ ಪೆಟ್ಟಿಗೆ ಹೊತ್ತು ನಡೆಯುತ್ತಿದ್ದವನಿಗೆ ಈಗಲೂ ರೇಡಿಯೋ ಎಂದೇ ಹೆಸರು. ಅವನು ನೆಲ ನೋಡುತ್ತ ಕೇಳಿದ: "ಅತ್ತಿಗೆ, ಅವನ ತೊಡೇಲಿ ಗಾಯದ ಗುರುತಿತ್ತಲ್ಲ. ಅದೇನು ಅಂತ ಹೇಳಿದ್ದ?"

"ಹೇಸರಗತ್ತೆ ಒದ್ದಿದ್ದು ಅಂತ."

ಹಳಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬನಂತೂ ಗೋಡೆಯ ಕಡೆ ತಿರುಗಿ ನಿಂತ.

"ಹೇಳ್ಬಿಡಿ ಸಾರ್," ಅಂದ ರೇಡಿಯೋ. "ಇನ್ನು ಯಾರಿಗೆ ಮುಚ್ಚಿಡೋದು?"

* * *

ಆಗ ಮೇಜರ್ ಇನ್ನೂ ಕ್ಯಾಪ್ಟನ್. ಬಂಡುಕೋರರು ನೆಲ ಹಿಡಿದು ಕೂರುವವರಲ್ಲ. ರಸ್ತೆಯ ಮೇಲೆ ಎರಗುವುದು, ಒಂದು ಲಾರಿ ಸುಡುವುದು, ಸೈನ್ಯ ಬರುವಷ್ಟರಲ್ಲಿ ಕೊರಕಲುಗಳಲ್ಲಿ ಮಾಯವಾಗುವುದು. ಕೆಳಗಿನ ಊರಿನಲ್ಲಿ ಕುಳಿತ ಮೇಲಧಿಕಾರಿಗಳಿಗೆ ರಸ್ತೆಯೆಂದರೆ ಪ್ರಾಣ. ರಸ್ತೆಯಿದ್ದರೆ ಲಾರಿ, ಲಾರಿಯಿದ್ದರೆ ವೇಗ. ಕ್ಯಾಪ್ಟನ್ನರ ವಾದವೇ ಬೇರೆ. ಬಂಡುಕೋರರು ಎಲ್ಲಿ ಅಡಗಿದ್ದಾರೆಂದು ಹುಡುಕಿ ಸುಸ್ತಾಗುವುದು ಬೇಡ. ಅವರು ಎಲ್ಲಿಂದ ನಮ್ಮನ್ನು ನೋಡುತ್ತಾರೋ ಅಲ್ಲಿಗೆ ನಾವೇ ಮೊದಲು ಹೋಗಿ ಕೂರೋಣ. ನೆತ್ತಿಯಿಂದ ನೆತ್ತಿಗೆ ನಡೆದೇ ಹೋಗೋಣ. ಬಂದ ದಾರಿಯಲ್ಲಿ ಹಿಂದಿರುಗುವುದು ಬೇಡ. ಎತ್ತರವೆಲ್ಲ ನಮ್ಮ ಕೈಯಲ್ಲಿದ್ದರೆ ಕೊರಕಲಿನಲ್ಲಿರುವವರು ಇಂದಲ್ಲ ನಾಳೆ ಹಸಿದು ಇಳಿದು ಬರುತ್ತಾರೆ. ಇದಕ್ಕೆ ಬೇಕಾದದ್ದು ಗುಂಡಲ್ಲ, ತಾಳ್ಮೆ. ಮೇಲಧಿಕಾರಿಗಳ ಬಳಿ ಗುಂಡು ಬೇಕಾದಷ್ಟಿತ್ತು, ತಾಳ್ಮೆಯೊಂದು ಇರಲಿಲ್ಲ.

ಮೇಲಿನ ಕಾವಲುಠಾಣೆಯೊಂದರಲ್ಲಿ ಊಟ ತೀರಿತ್ತು. ಕತ್ತಲಾಗುವ ಮೊದಲು ರೇಷನ್ನು ತಲುಪಿಸಬೇಕು, ನೆತ್ತಿ ಸುತ್ತಿ ಹೋಗಲು ಹೊತ್ತಿಲ್ಲ, ಕಣಿವೆಯ ಸಂದಿಯಲ್ಲೇ ನುಗ್ಗಿ ಎಂದು ವೈರ್‌ಲೆಸ್‌ನಲ್ಲಿ ಅಪ್ಪಣೆಯಾಯಿತು. ಅಪ್ಪಣೆ ಕಿವಿಗೆ ಬಿದ್ದದ್ದು ರೇಡಿಯೋಗೆ. ಕ್ಯಾಪ್ಟನ್ ವಾದ ಮಾಡಿದರು, ಬೈಸಿಕೊಂಡರು, ಕೊನೆಗೆ ಹೂಂ ಅಂದರು. ತುಕಡಿ ಸಂದಿಗಿಳಿಯಿತು. ದಾರಿ ನೋಡಿಕೊಂಡು ಎಲ್ಲರಿಗಿಂತ ಮುಂದೆ ನಡೆಯುವವನು ಅವಳ ಗಂಡ. ಆಗಿನ್ನೂ ಮದುವೆಯಾಗದ ಎಳೆ ಮೀಸೆಯವನು.

ಮೊದಲ ಗುಂಡು ಅವನ ತೊಡೆಗೇ ಬಿತ್ತು. ಎಲ್ಲರೂ ಬಂಡೆಗಳ ಮರೆಗೆ ಹಾರಿದರು. ಅವನೊಬ್ಬ ಬಯಲಲ್ಲಿ. ಅವನನ್ನು ಹಾಗೇ ಬಿಟ್ಟು ಕಾಯಬೇಕು, ಎದುರಿನ ದಿಬ್ಬವನ್ನು ಮೊದಲು ಹಿಡಿಯಬೇಕು, ಲೆಕ್ಕಕ್ಕೆ ಅದೇ ಸರಿ. ಅಡುಗೆಯವನಿಗೂ ಹೇಸರಗತ್ತೆ ಹೊಡೆಯುವವನಿಗೂ ಆ ಲೆಕ್ಕ ಬರುತ್ತಿರಲಿಲ್ಲ. ಇಬ್ಬರೂ ಓಡಿದರು. "ದೂರ! ದೂರ ಹೋಗ್ರೋ! ಹತ್ತಿರ ಬರಬೇಡಿ!" ಎಂದು ಅವನು ಗಂಟಲು ಹರಿಯುವಂತೆ ಕೂಗಿದ. ಇಬ್ಬರೂ ಕೈಗೆ ಕೈ ಹೆಣೆದು ಕುರ್ಚಿ ಮಾಡಿ ಅವನನ್ನು ಎತ್ತಿಕೊಂಡರು. ಬಂಡೆಯ ಮರೆಗೆ ಇನ್ನೇನು ಬಂದೇಬಿಟ್ಟರು ಎನ್ನುವಾಗ ದಿಬ್ಬದ ಮೇಲಿನಿಂದ ಗುಂಡಿನ ಮಳೆ ಬಿತ್ತು.

ಕ್ಯಾಪ್ಟನ್ ತೆವಳಿಕೊಂಡು ಹೋಗಿ ನೋಡಿದಾಗ ಅವನು ಬದುಕಿದ್ದ. ಹೊತ್ತವರಿಬ್ಬರೂ ಹೋಗಿಬಿಟ್ಟಿದ್ದರು. ಅವನ ಕೆಳಗೆ ಅವರ ಕೈಗಳು ಹೆಣೆದುಕೊಂಡೇ ಇದ್ದವು. ಬಿಡಿಸಲು ಬಹಳ ಕಷ್ಟವಾಯಿತು.

ಆಮೇಲೆ ಕ್ಯಾಪ್ಟನ್ ಸಂದಿಗಿಳಿಯುವ ಯಾವ ಅಪ್ಪಣೆಗೂ ಹೂಂ ಅನ್ನಲಿಲ್ಲ. ಎಷ್ಟೋ ವರ್ಷ ಬಡ್ತಿ ತಪ್ಪಿತು, ಹಟ ತಪ್ಪಲಿಲ್ಲ. ಮೊದಲು ಎತ್ತರ, ಹತ್ತು ಮಾರಿಗೊಬ್ಬ: ನಿಧಾನವಾಗಿ ಎಲ್ಲ ತುಕಡಿಗಳೂ ಅದನ್ನೇ ಕಲಿತವು, ವರ್ಷಗಳು ಹಿಡಿದು ಗುಡ್ಡಗಳು ತಣ್ಣಗಾದವು. ಹೊಸದಾಗಿ ಸೇರಿದ ಪ್ರತಿಯೊಬ್ಬನಿಗೂ ಅಂತರ ಬಿಟ್ಟು ನಡೆಯುವುದನ್ನು ಕಲಿಸಿದವನು ಆ ಕುಂಟು ಕಾಲಿನವನೇ. ಅವನು ಕಲಿಸಿದವರು ಎಷ್ಟೋ ಮಂದಿ ಅದರಿಂದಲೇ ಬದುಕಿ ಮನೆಗೆ ಹೋದರು. ಅಡುಗೆಮನೆಯ ಗೋಡೆಗೆ ಅಂಟಿ ನಿಂತಿದ್ದವರು ಅವರೇ.

* * *

ಮೇಜರ್ ಮಾತು ಮುಗಿಸಿದ ಮೇಲೂ ಅವಳು ಉಪ್ಪಿನ ಡಬ್ಬಿಯನ್ನೇ ನೋಡುತ್ತಿದ್ದಳು.

"ಹಾಗಾದ್ರೆ ಹೇಸರಗತ್ತೆ ಇರಲೇ ಇಲ್ವಾ?"

"ಇತ್ತು ಅತ್ತಿಗೆ," ಅಂದ ರೇಡಿಯೋ. "ಬಲು ಸಾಧು ಪ್ರಾಣಿ. ಯಾರನ್ನೂ ಒದ್ದಿದ್ದಿಲ್ಲ."

"ಚಳಿಗಾಲದಲ್ಲಿ ಅವರ ಕಾಲು ನೀವಿದಾಗಲೆಲ್ಲ ಅದಕ್ಕೆ ಹಿಡಿಶಾಪ ಹಾಕ್ತಿದ್ದೆನಲ್ರೋ. ಇವರು ಹೂಂಗುಟ್ಟುತ್ತಾ ಕೇಳ್ತಿದ್ರು." ಅವಳು ನಗಲು ಹೋದಳು, ಅಳು ಬಂತು. ಗಂಡ ಸತ್ತ ಹೊತ್ತಿನಿಂದ ತಡೆದು ಹಿಡಿದದ್ದೆಲ್ಲ ಒಟ್ಟಿಗೇ ಬಂತು. ಅವನ ಮೇಲೆ ಕರುಳು ಕಿವುಚುವಷ್ಟು ಮರುಕ, ಅಷ್ಟೇ ಸಿಟ್ಟು. ಇಂಥದನ್ನು ಒಬ್ಬನೇ ಹೊತ್ತುಕೊಂಡು ತಿರುಗಿದನಲ್ಲ, ನಾನೇನು ಸತ್ತುಹೋಗಿದ್ದೆನೇ ಎಂದು ಸಿಟ್ಟು. ತಾಯಿಯನ್ನು ಹುಡುಕಿಕೊಂಡು ಬಂದಿದ್ದ ಮಗಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಬೆರಳು ಗದ್ದದ ಮೇಲಿತ್ತು.

"ಈಗ ಅರ್ಥ ಆಯ್ತಲ್ಲಮ್ಮ," ಅಂದರು ಮೇಜರ್. "ನೀನು ಪಕ್ಕದಲ್ಲಿ ಬರೋದನ್ನ ಅವನು..."

"ಅರ್ಥ ಆಯ್ತು." ಅವಳು ಮೂಗು ಒರೆಸಿಕೊಂಡಳು. "ಆ ಇಬ್ಬರೂ ಅವರ ಮಾತು ಕೇಳಲಿಲ್ಲ. ದೂರ ಹೋಗಿ ಅಂದ್ರೂ ಹೋಗಲಿಲ್ಲ. ಅದಕ್ಕೇ ಇವರು ಬದುಕಿ ಬಂದು ನನ್ನ ಕೈ ಹಿಡಿದ್ರು. ಹೇಳಿದ ಮಾತು ಚಾಚೂ ತಪ್ಪದೆ ಕೇಳಿದೋಳು ಅಂದ್ರೆ ನಾನೊಬ್ಬಳೇ. ಇವತ್ತು ಕೇಳಲ್ಲ."

"ಆ ಇಬ್ಬರೂ ಸತ್ತರಮ್ಮ."

"ನಾನೇನು ಚಿರಂಜೀವಿನಾ?"

ಯಾರೋ ಒಬ್ಬ ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ. ಮೇಜರ್ ನಕ್ಷೆಯತ್ತ ತಿರುಗಿದರು. ಆಮೇಲೆ ಉಪ್ಪಿನ ಡಬ್ಬಿಯನ್ನು ತಾವೇ ಬೆಂಕಿಪೊಟ್ಟಣದ ಹತ್ತಿರಕ್ಕೆ ಸರಿಸಿದರು.

"ಎಡಕ್ಕೋ, ಬಲಕ್ಕೋ?"

"ಬಲಕ್ಕೆ. ಎಡಗಿವಿ ಅವರಿಗೆ ಕೇಳಲ್ಲ."

"ಎಡಕ್ಕೆ ನಾನಿರ್ತೀನಿ," ಅಂದಳು ಬಾಗಿಲಿನಿಂದ ಮಗಳು.

* * *

ದಿಬ್ಬಗಳ ಮೇಲೆ ಕೈಗಳು ಎದ್ದವು. ಪೆಟ್ಟಿಗೆ ಅಂಗಳ ಬಿಟ್ಟಿತು.

ಗಾಳಿಗೆ ಒಣಹುಲ್ಲು ಮಲಗಿ ಏಳುತ್ತಿತ್ತು. ಮುಂದೆ ಮೇಜರ್, ಕೋಲೂರಿಕೊಂಡು, ಎರಡೂ ಕಡೆ ಕಣ್ಣಾಡಿಸುತ್ತ. ಅವರ ಹಿಂದೆ ನಾಲ್ವರ ಹೆಗಲ ಮೇಲೆ ಪೆಟ್ಟಿಗೆ. ಅದರ ಬಲಕ್ಕೆ ಅವಳು, ಎಡಕ್ಕೆ ಮಗಳು. ಹಿಂದೆ ಗುಡ್ಡದ ಬುಡದವರೆಗೂ ಹತ್ತು ಮಾರಿಗೊಬ್ಬರಂತೆ ಮುದುಕರು, ಮಣಿ ಕಿತ್ತು ಅಲ್ಲೊಂದು ಇಲ್ಲೊಂದು ಉಳಿದ ಸರದ ಹಾಗೆ. ಅಳಿಯನಿಗೂ ಒಂದು ಜಾಗ ತೋರಿಸಿದ್ದರು, ಅವನು ಮತ್ತೆ ಮತ್ತೆ ಮುಂದಿನವನ ಹತ್ತಿರ ಬಂದುಬಿಟ್ಟು ಬೈಸಿಕೊಳ್ಳುತ್ತಿದ್ದ.

ಅವಳ ಮಂಡಿ ಮೊದಲ ಏರಿನಲ್ಲೇ ಮಾತಾಡತೊಡಗಿತು. ಅವಳು ಅದರ ಮಾತು ಕೇಳಲಿಲ್ಲ. ಅಂಗೈ ಕೆಳಗೆ ಹಲಗೆ ಬೆಚ್ಚಗಿತ್ತು, ಬಿಸಿಲಿಗೆ. "ನೋಡ್ರಿ," ಎಂದು ಮೆಲ್ಲಗೆ ಅಂದಳು, "ಪಕ್ಕದಲ್ಲೇ ಇದ್ದೀನಿ. ಏನಾದ್ರೂ ಆಯ್ತಾ? ಏನೂ ಆಗಲ್ಲ." ಪೇಟೆಬೀದಿಯಲ್ಲದಿದ್ದರೇನು, ದಾರಿ ದಾರಿಯೇ. ಅವಳಿಗೆ ಖುಷಿಯಾಯಿತು. ಗಂಡನನ್ನು ಮಣ್ಣುಮಾಡುವ ದಿನ ಖುಷಿಯಾಗುವುದುಂಟೇ ಎಂದು ನಾಚಿಕೆಯೂ ಆಯಿತು. ಪೆಟ್ಟಿಗೆಯ ಆಚೆ ಬದಿಯಿಂದ ಮಗಳು ಕೇಳಿದಳು: "ಕಾಲು ನೋಯ್ತಿದೆಯಾ ಅಮ್ಮ?"

"ನೋಯ್ತಿದೆ. ಸುಮ್ನೆ ನಡಿ."

ದಿಬ್ಬಗಳನ್ನು ದಾಟಿದರು. ಹೊರುವವರು ಬದಲಾದರು. ನೆತ್ತಿಗೆ ಮುಂಚಿನ ಕೊನೆಯ ಏರು ಕಡಿದಾದದ್ದು, ಕಾಲಿಟ್ಟಲ್ಲಿ ಕಲ್ಲು ಜಾರುವಂಥದು. ಅಲ್ಲಿ ಮುಂದಿನ ಬಲಗಡೆಯ ಹೆಗಲು ರೇಡಿಯೋನದು. ಬೇಡವೆಂದರೂ ಕೇಳದೆ ಹೆಗಲು ಕೊಟ್ಟಿದ್ದ. ಮೂರು ಹೆಜ್ಜೆ ಇಟ್ಟವನು "ಅಯ್ಯೋ!" ಎಂದು ಕೂಗಿ ಕುಸಿದುಬಿದ್ದ.

ಆ ಕೂಗಿಗೆ ಹಿಂದಿದ್ದ ಮುದುಕರೆಲ್ಲ ಒಂದೇ ಏಟಿಗೆ ದಾರಿಯಿಂದ ಮಾಯವಾದರು. ಒಬ್ಬ ಬಂಡೆಯ ಹಿಂದೆ, ಒಬ್ಬ ಪೊದೆಯ ಬುಡದಲ್ಲಿ, ಒಬ್ಬ ಹುಲ್ಲಿನಲ್ಲಿ ಬೋರಲಾಗಿ, ಕೈಯಲ್ಲಿ ಇಲ್ಲದ ಬಂದೂಕು ಹಿಡಿದು. ಇಷ್ಟು ವರ್ಷ ಏಳಲು ಕೂರಲು ಆಗದೆ ಒದ್ದಾಡಿದವರು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ನೆಲ ಕಚ್ಚಿದ್ದರು. ಮುಂದೆ ಮೇಜರ್ ಕೂಡ ಮಂಡಿಯೂರಿ, ಕೋಲನ್ನು ನೆತ್ತಿಯ ಕಡೆ ಗುರಿಯಿಟ್ಟಿದ್ದರು. ದಾರಿಯಲ್ಲಿ ನಿಂತೇ ಉಳಿದವನು ಅಳಿಯನೊಬ್ಬ, ಬಾಯಿ ತೆರೆದುಕೊಂಡು.

ಪೆಟ್ಟಿಗೆ ಬಲಕ್ಕೆ ವಾಲಿತು. ಉಳಿದ ಮೂವರ ಕಾಲೂ ಜಾರತೊಡಗಿತು. ಅವಳು ಹಿಂದುಮುಂದು ನೋಡಲಿಲ್ಲ. ಗಳದ ಕೆಳಗೆ ನುಸುಳಿ ಹೆಗಲು ಕೊಟ್ಟಳು. ಭಾರ ಬೆನ್ನಿನಿಂದ ಹಿಮ್ಮಡಿಯವರೆಗೂ ಇಳಿಯಿತು. ಎತ್ತರದ ಹೆಂಗಸು ಅವಳು. ಇಷ್ಟು ವರ್ಷ ಯಾವ ಉಪಯೋಗಕ್ಕೂ ಬಾರದ ಆ ಎತ್ತರ ಗಳಕ್ಕೆ ಸರಿಯಾಗಿ ನಿಂತಿತು. ಎಡಗಡೆ ಮಗಳೂ ಹೆಗಲು ಕೊಟ್ಟು ಹಲ್ಲು ಕಚ್ಚಿದಳು. ಅಳಿಯ ಓಡಿಬಂದು ಹಿಂದಿನಿಂದ ಒತ್ತಿಹಿಡಿದ.

"ಬಿಡಬೇಡ ಅಮ್ಮ!"

"ಯಾರು ಬಿಡ್ತಾರೆ!" ಅವಳ ಕೂಗು ಎರಡೂ ದಿಬ್ಬಗಳಿಗೆ ಬಡಿಯಿತು. "ಏನ್ರೋ, ಕಲ್ಲು ಮರೇಲಿ ಕೂತು ಏನು ನೋಡ್ತಿದ್ದೀರಾ? ಇವರು ಜಾರ್ತಿದ್ದಾರೆ! ಬನ್ರೋ, ಎಲ್ಲಾ ಬನ್ರೋ!"

ಬಂಡೆಯ ಹಿಂದಿನಿಂದ ಒಂದು ಬೋಳುತಲೆ ಮೆಲ್ಲಗೆ ಎದ್ದಿತು. ತಾನು ಎಲ್ಲಿದ್ದೇನೆಂದು ಆ ಮುದುಕನಿಗೆ ಆಗ ನೆನಪಾಗಿರಬೇಕು. ನಾಚಿಕೆಯಿಂದ ಕೆಂಪಾಗಿ, ಮಂಡಿ ಹಿಡಿದುಕೊಂಡೇ ಓಡಿಬಂದು ಗಳಕ್ಕೆ ಕೈ ಹಾಕಿದ. ಪೊದೆಯಿಂದ ಇನ್ನೊಬ್ಬ ಬಂದ. ಹುಲ್ಲಿನಿಂದ ಇಬ್ಬರು. ದಿಬ್ಬದ ಕಾವಲಿನವರು ಬಾಲಕ್ಕೆ ಸೇರುವುದನ್ನು ಮರೆತು ಅಡ್ಡದಾರಿಯಲ್ಲಿ ಉರುಳುರುಳಿ ಬಂದರು. ರೇಡಿಯೋ ನೆಲದಿಂದಲೇ ತೆವಳಿ ಪೆಟ್ಟಿಗೆಯ ತಳಕ್ಕೆ ಅಂಗೈ ಕೊಟ್ಟು, ಹಾಗೇ ಅದನ್ನು ಹಿಡಿದು ಎದ್ದುನಿಂತ. ಏದುಸಿರು, ಕೆಮ್ಮು, ಬೈಗುಳ. ಒಬ್ಬರ ಕಾಲು ಒಬ್ಬರು ತುಳಿದರು. ಪೆಟ್ಟಿಗೆ ನೆಟ್ಟಗಾಯಿತು, ಮೇಲೆ ಸರಿಯತೊಡಗಿತು.

"ಅಂತರ!" ಎಂದು ಮೇಜರ್ ಅಭ್ಯಾಸದಿಂದ ಗದರಿದರು. ಯಾರೂ ತಿರುಗಿ ನೋಡಲಿಲ್ಲ.

ಅವರು ಕೋಲನ್ನು ಹುಲ್ಲಿನಲ್ಲಿ ಬಿಟ್ಟು ಕೆಳಗಿಳಿದು ಬಂದರು. ಬಲಗಡೆ ನೋಡಿದರು, ಅವಳ ಮುಂದೆ ಹಿಂದೆ ಹೆಗಲಿಗೆ ಹೆಗಲು, ಜಾಗವಿಲ್ಲ. ಸುತ್ತಿಕೊಂಡು ಎಡಗಡೆಗೆ ಬಂದರು. ಮಗಳ ಪಕ್ಕದಲ್ಲೂ ಗಳದ ಮೇಲೆ ಬೆರಳಿಡುವಷ್ಟು ತೆರಪಿರಲಿಲ್ಲ. ಗುಂಪು ಅವರನ್ನು ಬಿಟ್ಟು ಮೇಲೆ ಹೋಗುತ್ತಿತ್ತು. ಮೇಜರ್ ಎರಡು ಹೆಜ್ಜೆ ಓಡಿ, ಎಲ್ಲರಿಗಿಂತ ಹಿಂದಿದ್ದವನ ಅಂಗಿಯನ್ನು ಬೆನ್ನ ಹತ್ತಿರ ಮುಷ್ಟಿ ಕಟ್ಟಿ ಹಿಡಿದುಕೊಂಡು ಹತ್ತತೊಡಗಿದರು.